ಒಡೆಯ ಬದಲಾದರೆ ವೈನ್ ಬದಲಾಗುತ್ತದೆಯೇ?

ಪ್ರಶ್ನೆ: ಫ್ರಾನ್ಸ್‌ನ ಶಾಟೋ ಮಾರ್ಗೋ ವೈನ್ ತೋಟ ಎಷ್ಟೋ ಜನರ ಕೈಗೆ ಹೋಗಿ ಬಂದಿದೆಯಂತೆ. ಆದರೂ 1855ರಲ್ಲಿ ಸಿಕ್ಕ ಮೊದಲ ದರ್ಜೆ ಹಾಗೇ ಉಳಿದಿದೆ. ಒಡೆಯರು ಬದಲಾದರೆ ವೈನ್ ಕೆಡುವುದಿಲ್ಲವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಯಾಕೆ ಕೆಡುವುದಿಲ್ಲ ಸ್ವಾಮಿ, ಕೆಟ್ಟಿದ್ದೂ ಉಂಟು. ಆ 1855ರ ದರ್ಜೆ ಅಂದರೆ ಪ್ಯಾರಿಸ್ ಪ್ರದರ್ಶನಕ್ಕೆಂದು ಬೋರ್ಡೋ (ಮಾರ್ಗೋ ಇರುವ ವೈನ್ ಸೀಮೆ) ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ನೋಡಿ ಬರೆದ ಪಟ್ಟಿ. ದರ್ಜೆ ಶಾಟೋ, ಅಂದರೆ ವೈನ್ ತೋಟದ ಹೆಸರಿಗೆ ಅಂಟಿಕೊಂಡಿದೆ, ಒಡೆಯನಿಗಲ್ಲ. ಅದಕ್ಕೂ ಮೊದಲು, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅಲ್ಲಿನ ಒಡೆಯನ ತಲೆ ಗಿಲೋಟಿನ್‌ಗೆ ಹೋಯಿತು, ತೋಟ ಜಪ್ತಿಯಾಯಿತು. ಇವತ್ತು ಲೇಬಲ್ ಮೇಲೆ ಕಾಣುವ ಕಂಬಗಳ ಬಂಗಲೆ ಆಮೇಲೆ ಕೊಂಡವನು 1810ರ ದಶಕದಲ್ಲಿ ಕಟ್ಟಿಸಿದ್ದು.

ಬ್ಯಾಂಕಿನಲ್ಲಿ ಕೃಷಿ ಸಾಲದ ಕಡತ ನೋಡುತ್ತಲೇ ನಿವೃತ್ತನಾದ ನನಗೆ ಕುತೂಹಲ 1970ರ ದಶಕದ ಬಗ್ಗೆ. ಆಗ ತೋಟ ಜಿನೆಸ್ತೆ ಕುಟುಂಬದ್ದು. ಅವರು ಬೋರ್ಡೋದ ವೈನ್ ವ್ಯಾಪಾರಿಗಳೂ ಹೌದು. 1972ರ ಬೆಳೆ ಕಳಪೆ, ಬೆಲೆ ಮಾತ್ರ ಗಗನಕ್ಕೆ. ಮರುವರ್ಷ ತೈಲ ಬಿಕ್ಕಟ್ಟು ಬಂತು, ಮಾರುಕಟ್ಟೆ ಕುಸಿಯಿತು, ಮಾಲು ಗೋದಾಮಿನಲ್ಲೇ ಉಳಿಯಿತು. ತೋಟ ಮಾರಲೇಬೇಕಾಯಿತು. ನ್ಯಾಷನಲ್ ಡಿಸ್ಟಿಲರ್ಸ್ ಎಂಬ ಅಮೆರಿಕದ ಕಂಪನಿ ಮುಂದೆ ಬಂದರೆ ಫ್ರೆಂಚ್ ಸರ್ಕಾರ ಒಪ್ಪಲಿಲ್ಲ. ತಮಾಷೆ ನೋಡಿ, ಕೊನೆಗೆ 1977ರಲ್ಲಿ ಸುಮಾರು 7.2 ಕೋಟಿ ಫ್ರಾಂಕ್ ಕೊಟ್ಟು ಕೊಂಡವರು ಗ್ರೀಸ್‌ನಲ್ಲಿ ಹುಟ್ಟಿದ ಆಂದ್ರೆ ಮೆಂಟ್ಜೆಲೋಪೌಲೊಸ್, ಫೆಲಿಕ್ಸ್ ಪೊತ್ಯಾಂ ಎಂಬ ದಿನಸಿ ಅಂಗಡಿ ಸರಣಿಯ ಯಜಮಾನ!

ದಿನಸಿಯವರು ದುಡ್ಡು ಸುರಿದರು. ತೋಟದ ನೀರು ಬಸಿಯುವ ಕಾಲುವೆ, ಹೊಸ ಬಳ್ಳಿ, ಹೊಸ ಓಕ್ ಪೀಪಾಯಿ, ಸಲಹೆಗೆ ವೈನ್ ವಿಜ್ಞಾನಿ ಎಮಿಲ್ ಪೇನೋ. ನನ್ನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ದೊಡ್ಡದು ಕಟ್ಟುನಿಟ್ಟಾದ ಆಯ್ಕೆ. ರುಚಿ ನೋಡಿ ಒಪ್ಪದ ವೈನನ್ನು ಮುಖ್ಯ ಹೆಸರಿನಲ್ಲಿ ಬಾಟಲಿಗೆ ತುಂಬದೆ 'ಪವಿಯೋಂ ರೂಜ್' ಎಂಬ ಎರಡನೇ ವೈನಿಗೆ ಇಳಿಸುತ್ತಾರೆ. ಅಂದರೆ ಹೆಚ್ಚು ಬೆಲೆಯ ಮಾಲನ್ನು ಕೈಯಾರೆ ಕಡಿಮೆಗೆ ಮಾರಿದ ಹಾಗೆ. ಬಡ್ಡಿ ಕಟ್ಟಲು ಪರದಾಡುವವನು ಈ ಕೆಲಸ ಮಾಡುವುದುಂಟೇ? ಕೈ ಬಿಗಿಯಾದಾಗ ಎಲ್ಲ ಪೀಪಾಯಿಯೂ ಒಳ್ಳೆಯದಾಗಿಯೇ ಕಾಣುತ್ತದೆ.

1978ರ ವೈನ್ ಹೆಸರು ಮಾಡಿತು. 1980ರಲ್ಲಿ ಆಂದ್ರೆ ತೀರಿಕೊಂಡರು. ಇನ್ನೂ ಮೂವತ್ತು ತುಂಬದ ಮಗಳು ಕೋರಿನ್ ಹೊಣೆ ಹೊತ್ತರು. 1983ರಲ್ಲಿ ಸೇರಿದ ವೈನ್ ತಜ್ಞ ಪಾಲ್ ಪೊಂತಾಲಿಯೆ 2016ರಲ್ಲಿ ಸಾಯುವವರೆಗೂ ಜೊತೆಗಿದ್ದರು. ನಡುವೆ ಫಿಯಟ್‌ನ ಆನ್ಯೆಲಿ ಕುಟುಂಬ ಪಾಲುದಾರನಾಗಿತ್ತು. ಆ ಪಾಲನ್ನೂ 2003ರಲ್ಲಿ ಕೋರಿನ್ ಕೊಂಡುಕೊಂಡರು.

ಹರಾಜಿನಲ್ಲಿ ಎಪ್ಪತ್ತರ ದಶಕದ ಬಾಟಲಿ ಕಣ್ಣಿಗೆ ಬಿದ್ದರೆ ದರ್ಜೆ ನೋಡಿ ಮರುಳಾಗದೆ ವರ್ಷ ನೋಡಿ. ಬೆಲೆಯ ಮಾತು ಮಾತ್ರ ನನ್ನಂಥ ಪಿಂಚಣಿದಾರನ ಹತ್ತಿರ ಬೇಡ.