ಕರ್ನಾಟಕದ ಎಸ್‌ಸಿ ಸರ್ಟಿಫಿಕೇಟು ಮಹಾರಾಷ್ಟ್ರದಲ್ಲಿ ಯಾಕೆ ನಡೆಯುವುದಿಲ್ಲ? ಸಂವಿಧಾನ ಒಂದೇ ಅಲ್ಲವೇ?

ವಿಜಯಪುರ ಕಡೆಯ ಲಂಬಾಣಿಗಳು, ಹನ್ನೆರಡು ವರ್ಷದಿಂದ ಪುಣೆಯಲ್ಲಿದ್ದೀರಿ, ಮಗಳ ಎಂಜಿನಿಯರಿಂಗ್ ಸೀಟಿಗೆ ಎಸ್‌ಸಿ ಒಪ್ಪಲಿಲ್ಲ, ಸಮಾನತೆಯ ಹಕ್ಕು ಹಿಡಿದು ಹೈಕೋರ್ಟಿಗೆ ಹೋಗಲೇ ಅಂತ ಕೇಳಿದ್ದೀರಿ. ಹೋಗಬೇಡಿ. ನಾನೂ ಇದೇ ಜಾಗದಲ್ಲಿ ನಿಂತವನು. ಒಂದು ಕಾಗದವನ್ನು ಸರಿಯಾಗಿ ಓದದೆ ಮಗನ ಒಂದು ವರ್ಷ ಕಳೆದೆ.

ನನ್ನ ಕೈಯಲ್ಲಿದ್ದದ್ದು ವಲಸೆ ಬಂದವರಿಗೆ ಕೊಡುವ ಜಾತಿ ಪ್ರಮಾಣಪತ್ರ. ತಂದೆಯ ಮೂಲ ಪತ್ರ ತೋರಿಸಿದರೆ, ಈಗ ವಾಸವಿರುವ ರಾಜ್ಯದ ಅಧಿಕಾರಿಯೇ ಅದನ್ನು ಕೊಡುತ್ತಾರೆ. ಕೇಂದ್ರ ಗೃಹ ಸಚಿವಾಲಯದ 1985ರ ಸುತ್ತೋಲೆಯಲ್ಲಿ ಅದಕ್ಕೆ ಅವಕಾಶವಿದೆ. ಮಹಾರಾಷ್ಟ್ರದ ಮೊಹರು, ಮಹಾರಾಷ್ಟ್ರದ ಅಧಿಕಾರಿಯ ಸಹಿ. ನಾನು ಕಂಡದ್ದು ಅಷ್ಟೇ. ನಡುವೆ, ಈ ಜಾತಿ ಕರ್ನಾಟಕ ರಾಜ್ಯದಲ್ಲಿ ಪರಿಶಿಷ್ಟ ಎಂದು ಮಾನ್ಯವಾಗಿದೆ ಅನ್ನುವ ಸಾಲಿತ್ತು. ಮೊಹರು ಯಾರದಾದರೂ ಇರಲಿ, ನಡೆಯುವುದು ಆ ಸಾಲು. ಆ ಪತ್ರದಿಂದ ಕೇಂದ್ರದ ಸೌಲಭ್ಯ ಸಿಗುತ್ತದೆ, ಮೂಲ ರಾಜ್ಯದ್ದು ಸಿಗುತ್ತದೆ. ವಲಸೆ ಬಂದ ರಾಜ್ಯದ್ದು ಸಿಗುವುದಿಲ್ಲ ಅಂತ ಅದೇ ಸುತ್ತೋಲೆ ಹೇಳುತ್ತದೆ. ನಾನು ರಾಜ್ಯ ಕೋಟಾದ ಅರ್ಜಿಯಲ್ಲಿ ಎಸ್‌ಸಿ ತುಂಬಿದೆ, ಕಾಲೇಜುಗಳನ್ನೂ ಎಸ್‌ಸಿ ಕಟಾಫ್ ನೋಡಿಯೇ ಬರೆದೆ. ದಾಖಲೆ ಪರಿಶೀಲನೆಯಲ್ಲಿ ಓಪನ್‌ಗೆ ದೂಡಿದರು. ಬರೆದ ಕಾಲೇಜು ಒಂದೂ ಸಿಗಲಿಲ್ಲ. ಅದೇ ಪತ್ರ ನಡೆಯುತ್ತಿದ್ದ, ಐಐಟಿ-ಎನ್‌ಐಟಿ ಸೀಟು ಹಂಚುವ ಕೇಂದ್ರದ ಜೋಸಾ ಕೌನ್ಸೆಲಿಂಗಿನ ನೋಂದಣಿ ಅಷ್ಟೊತ್ತಿಗೆ ಮುಗಿದಿತ್ತು.

ಇದು ಗುಮಾಸ್ತರ ಹಟ ಅಲ್ಲ. ಸಂವಿಧಾನ ಒಂದೇ, ಪಟ್ಟಿ ಒಂದಲ್ಲ. ಪರಿಶಿಷ್ಟ ಜಾತಿ ಯಾವುವು ಎಂದು ಗೊತ್ತುಮಾಡುವ 341ನೇ ವಿಧಿಯಲ್ಲೇ ‘ಆ ರಾಜ್ಯಕ್ಕೆ ಸಂಬಂಧಿಸಿದಂತೆ’ ಅನ್ನುವ ಮಾತಿದೆ. ನಮ್ಮವರು ಕರ್ನಾಟಕದಲ್ಲಿ ಎಸ್‌ಸಿ, ತೆಲಂಗಾಣ-ಆಂಧ್ರದಲ್ಲಿ ಎಸ್‌ಟಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ-ಎ, ಅಂದರೆ ಎಸ್‌ಸಿ, ಎಸ್‌ಟಿ ಎರಡೂ ಅಲ್ಲದ, ಆ ರಾಜ್ಯದ್ದೇ ಬೇರೆ ಪಟ್ಟಿ. ಅದೇ ಸೇವಾಲಾಲರ ಪೂಜೆ, ಅದೇ ಮಾತು, ಮೂರು ಪಟ್ಟಿ! ನಿಮ್ಮ ವಾದವನ್ನೇ ಹಿಡಿದು, ತಂದೆಯ ನೌಕರಿಯಿಂದಾಗಿ ಆಂಧ್ರದಿಂದ ಮುಂಬೈಗೆ ಬಂದಿದ್ದ ಹುಡುಗನೊಬ್ಬ ಮೆಡಿಕಲ್ ಸೀಟಿಗಾಗಿ ಸುಪ್ರೀಂ ಕೋರ್ಟಿನ ತನಕ ಹೋದ. 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣ. ಕೋರ್ಟು ಒಪ್ಪಲಿಲ್ಲ. 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಐವರ ಪೀಠ ರಾಜ್ಯ ಸರ್ಕಾರಿ ನೌಕರಿಗೂ ಅದನ್ನೇ ಎತ್ತಿಹಿಡಿಯಿತು. ವಕೀಲರ ಫೀಸು ಉಳಿಸಿ.

ಮಗಳು ಜೆಇಇ ಮೇನ್ ಬರೆದಿದ್ದರೆ ಮೊದಲು ಜೋಸಾ ನೋಡಿ. ಎನ್‌ಐಟಿಗಳಲ್ಲಿ ಎಸ್‌ಸಿಗೆ ಶೇ 15 ಸೀಟು, ಕರ್ನಾಟಕದ ಪಟ್ಟಿಯೇ ಸಾಕು. ಅಲ್ಲಿ ‘ಹೋಂ ಸ್ಟೇಟ್’ ಅನ್ನುವುದು ಹನ್ನೆರಡನೇ ತರಗತಿ ಪಾಸಾದ ರಾಜ್ಯ, ಜಾತಿ ಪತ್ರದ ರಾಜ್ಯ ಅಲ್ಲ; ಪುಣೆಯಲ್ಲಿ ಪಾಸಾಗಿದ್ದರೆ ಆಕೆಗೆ ಮಹಾರಾಷ್ಟ್ರ. ಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ವಲಸಿಗರ ಪತ್ರವಾದರೆ ತಂದೆಯ ಪತ್ರದ ದಿನಾಂಕ, ಕೊಟ್ಟ ಅಧಿಕಾರಿ, ರಾಜ್ಯದ ಹೆಸರು ಮೂರನ್ನೂ ಕೂತು ಓದಿ. ಕರ್ನಾಟಕದ ಸಿಇಟಿಯಲ್ಲಿ ಜಾತಿ ಪತ್ರಕ್ಕೆ ತೊಂದರೆಯಿಲ್ಲ; ಏಳು ವರ್ಷ ಕರ್ನಾಟಕದಲ್ಲೇ ಓದಿರಬೇಕೆಂಬ ನಿಯಮ ಅಡ್ಡ ಬರುತ್ತದೆ. ವಿನಾಯಿತಿಯ ಕಲಂಗಳಿವೆ, ಆ ವರ್ಷದ ಮಾಹಿತಿ ಪುಸ್ತಕದಲ್ಲೇ ನೋಡಿ.

ವಿಮುಕ್ತ ಜಾತಿ-ಎಗೆ ಮಹಾರಾಷ್ಟ್ರದಲ್ಲಿ ಶೇ 3 ಇದೆಯಲ್ಲ ಅಂತ ಯಾರಾದರೂ ಕಿವಿ ಊದಬಹುದು. ಅದಕ್ಕೆ ನಿಮ್ಮ ಹಿರಿಯರು 1961ರ ನವೆಂಬರ್ 21ಕ್ಕೇ ಅಲ್ಲಿ ನೆಲೆಸಿದ್ದರೆಂಬ ಪುರಾವೆ ಬೇಕು: ಹಳೆಯ ಶಾಲೆ ದಾಖಲೆ, ಜಮೀನಿನ ಉತಾರ ಇತ್ಯಾದಿ. ಹನ್ನೆರಡು ವರ್ಷದ ಬಾಡಿಗೆ ಕರಾರು ಲೆಕ್ಕಕ್ಕಿಲ್ಲ. ಸುಳ್ಳು ದಾಖಲೆಯಿಂದ ಪತ್ರ ಮಾಡಿಸಿದರೆ ಪರಿಶೀಲನಾ ಸಮಿತಿಯಲ್ಲಿ ಸಿಕ್ಕಿಬೀಳುತ್ತೀರಿ. ಪತ್ರದ ಜೊತೆ ಸೀಟೂ ಹೋಗುತ್ತದೆ.

ಮೀಸಲಾತಿ ಗಡಿಯಲ್ಲೇ ನಿಂತರೂ ರಕ್ಷಣೆ ನಿಲ್ಲುವುದಿಲ್ಲ. ಮೂಲ ರಾಜ್ಯದ ಪಟ್ಟಿಯಲ್ಲಿದ್ದವರಿಗೆ ದೌರ್ಜನ್ಯ ತಡೆ ಕಾಯ್ದೆ ದೇಶದ ಯಾವ ಮೂಲೆಯಲ್ಲೂ ಅನ್ವಯಿಸುತ್ತದೆ ಅಂತ ಬಾಂಬೆ ಹೈಕೋರ್ಟಿನ ಪೂರ್ಣಪೀಠ 2023ರಲ್ಲಿ ಹೇಳಿದೆ. ನಾಳೆ ಯಾರಾದರೂ ಜಾತಿ ಹಿಡಿದು ಬೈದರೆ, ಠಾಣೆಯಲ್ಲಿ ‘ನೀವು ಇಲ್ಲಿ ಎಸ್‌ಸಿ ಅಲ್ಲ’ ಅಂದರೆ, ಆ ತೀರ್ಪಿನ ಪ್ರತಿಯನ್ನೂ ಕರ್ನಾಟಕದ ಪತ್ರವನ್ನೂ ಮೇಜಿನ ಮೇಲಿಡಿ.