ಸ್ಕೀ ಬರದೆ ಸ್ಕೀ ರೆಸಾರ್ಟ್‌ನಲ್ಲಿ ಒಂದು ಚಳಿಗಾಲ ಕೆಲಸ ಮಾಡಬಹುದಾ?

ನೀವು ಚಿಕ್ಕಬಳ್ಳಾಪುರದವರು, ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿದಿದೆ. ಯಾರೋ ಏಜೆಂಟ್ ಫಿನ್‌ಲ್ಯಾಂಡ್‌ನ ಸ್ಕೀ ರೆಸಾರ್ಟ್‌ನಲ್ಲಿ ಐದು ತಿಂಗಳ ಕೆಲಸ ಕೊಡಿಸ್ತೀನಿ, ನಾಲ್ಕು ಲಕ್ಷ ಕೊಡಿ ಅಂದಿದ್ದಾನೆ. ಹೋಗಲೋ ಬೇಡವೋ, ಸ್ಕೀ ಬರಲ್ಲ, ಹಿಮವನ್ನೇ ನೋಡಿಲ್ಲ ಅಂತ ಕೇಳಿದ್ದೀರಿ.

ಹೋಗಿ. ಆದರೆ ನಾಲ್ಕು ಲಕ್ಷ ಕೊಟ್ಟು ಹೋಗಬೇಡಿ.

ನಾನು ಮಾಲೂರಿನ ಕಡೆಯವನು. ಫಿನ್‌ಲ್ಯಾಂಡ್‌ನಲ್ಲಿ ಓದುತ್ತಿದ್ದಾಗ, ಥೀಸಿಸ್ ಬರೆಯುವ ವರ್ಷ ಕ್ಲಾಸುಗಳಿರಲಿಲ್ಲ ಅಂತ, ಒಂದು ಚಳಿಗಾಲ ಪೂರ್ತಿ ಲೆವಿ ಅನ್ನುವ ಸ್ಕೀ ಊರಿನಲ್ಲಿ ಕೆಲಸ ಮಾಡಿದೆ. ಮೊದಲು ಕಾಟೇಜ್ ಕ್ಲೀನಿಂಗ್, ಆಮೇಲೆ ಸ್ಕೀ ಬಾಡಿಗೆಗೆ ಕೊಡುವ ಅಂಗಡಿ. ಹಾಗಾಗಿ ನಾನು ಹೇಳುವುದು ಲೆವಿ ಲೆಕ್ಕ. ಬೇರೆ ಕಡೆ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

ಮೊದಲು ಏಜೆಂಟ್ ವಿಷಯ ಮುಗಿಸೋಣ. ಕೆಲಸ ಕೊಡಿಸಿದ್ದಕ್ಕೆ ಕೆಲಸ ಹುಡುಕುವವರ ಹತ್ತಿರ ದುಡ್ಡು ಕೇಳುವುದು ಫಿನ್‌ಲ್ಯಾಂಡ್‌ನಲ್ಲಿ ಕಾನೂನಿಗೆ ವಿರುದ್ಧ. ಏಜೆನ್ಸಿಗೆ ಕೊಡಬೇಕಾದವರು ಕಂಪನಿಯವರು. ನಮ್ಮ ದೇಶದಲ್ಲೂ ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್‌ಗೆ ಲೈಸೆನ್ಸ್ ಬೇಕು, ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಅವನ ಹೆಸರು ಸಿಗಬೇಕು, ಅವನು ತೆಗೆದುಕೊಳ್ಳಬಹುದಾದ ಸರ್ವೀಸ್ ಚಾರ್ಜ್ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ. ಉಳಿದ ಮೂರೂವರೆ ಲಕ್ಷ ಯಾವುದಕ್ಕೆ ಅಂತ ಒಂದು ಸಲ ಕೇಳಿ ನೋಡಿ. ಫೈಲ್ ಚಾರ್ಜು, ಎಂಬಸಿ ಚಾರ್ಜು, ಮೇಲಿನವರಿಗೆ ಸ್ವಲ್ಪ ಅಂತೆಲ್ಲ ಶುರು ಮಾಡುತ್ತಾನೆ. ಅಮ್ಮನ ಒಡವೆ ಅಡ ಇಟ್ಟು ಗಲ್ಫ್‌ಗೆ ಹೋದವರ ಕಥೆ ನಮ್ಮ ಎರಡೂ ಜಿಲ್ಲೆಯಲ್ಲಿ ಬೇಕಾದಷ್ಟಿದೆ, ಅಲ್ವಾ?

ವೀಸಾ ನೀವು ಅಂದುಕೊಂಡಷ್ಟು ಗೋಜಲಲ್ಲ. ಸೀಸನ್ ಕೆಲಸಕ್ಕೆ ಅಂತಲೇ ಅಲ್ಲಿ ಬೇರೆ ಪರ್ಮಿಟ್ ಇದೆ. ಅದು ಕೃಷಿ ಮತ್ತು ಪ್ರವಾಸೋದ್ಯಮಕ್ಕೆ ಮಾತ್ರ. ಮೂರು ತಿಂಗಳ ಒಳಗಾದರೆ ಸೀಸನ್ ಕೆಲಸದ ವೀಸಾ ಸಾಕು. ಅದಕ್ಕಿಂತ ಜಾಸ್ತಿ, ಅಂದರೆ ಒಂಬತ್ತು ತಿಂಗಳವರೆಗೆ, ರೆಸಿಡೆನ್ಸ್ ಪರ್ಮಿಟ್ ಬೇಕು. ಅದನ್ನು ಕೊಡುವುದು ಮಿಗ್ರಿ ಅನ್ನುವ ಅವರ ವಲಸೆ ಇಲಾಖೆ. ಎಂಟರ್ ಫಿನ್‌ಲ್ಯಾಂಡ್ ಅನ್ನುವ ಅವರದೇ ವೆಬ್‌ಸೈಟ್‌ನಲ್ಲಿ ನೀವೇ ಕೂತು ಅರ್ಜಿ ಹಾಕಬಹುದು, ಮಧ್ಯದಲ್ಲಿ ಯಾರೂ ಬೇಕಿಲ್ಲ. ಆದರೆ ಎರಡಕ್ಕೂ ಮೊದಲೇ ಕೆಲಸ ಸಿಕ್ಕಿರಬೇಕು. ಟೂರಿಸ್ಟ್ ವೀಸಾದಲ್ಲಿ ಹೋಗಿ, ಆಮೇಲೆ ಅಲ್ಲೇ ಬದಲಾಯಿಸೋಣ ಅಂತ ಏಜೆಂಟ್ ಅಂದರೆ ಟೀ ಕುಡಿದು ಎದ್ದು ಬನ್ನಿ. ನಾನು ಸ್ಟೂಡೆಂಟ್ ಪರ್ಮಿಟ್‌ನಲ್ಲಿದ್ದೆ, ಅದರಲ್ಲಿ ವಾರಕ್ಕೆ ಸರಾಸರಿ 30 ಗಂಟೆ ಕೆಲಸ ಮಾಡಬಹುದು.

ಇನ್ನೊಂದು ದಾರಿ ಆಸ್ಟ್ರೇಲಿಯಾ. 462 ಅನ್ನುವ ವರ್ಕ್ ಅಂಡ್ ಹಾಲಿಡೇ ವೀಸಾ 2024ರಿಂದ ನಮ್ಮವರಿಗೂ ಇದೆ. ವಯಸ್ಸು 18ರಿಂದ 30, ವರ್ಷಕ್ಕೆ 1,000 ಜನ, ಲಾಟರಿಯಲ್ಲಿ ಹೆಸರು ಬರಬೇಕು. ಅಲ್ಲಿ ಸ್ಕೀ ಸೀಸನ್ ಜೂನ್‌ನಿಂದ ಅಕ್ಟೋಬರ್ ಶುರುವಿನ ತನಕ, ಥ್ರೆಡ್ಬೊ, ಪೆರಿಶರ್ ಕಡೆ. ಹೆಸರು ಹಾಕಿಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಈಗ ಲೆವಿ. ಸ್ಕೀ ರೆಸಾರ್ಟ್ ಅಂದರೆ ಹಿಮಾಲಯದ ಥರ ಇರುತ್ತದೆ ಅಂತ ನಾನೂ ಎಣಿಸಿದ್ದೆ. ಲೆವಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 531 ಮೀಟರ್. ನಿಮ್ಮ ನಂದಿಬೆಟ್ಟ 1,478. ಬೆಟ್ಟ ಯಾಕೆ, ನಮ್ಮ ಕೋಲಾರ ಪೇಟೆಯೇ ಲೆವಿ ತುದಿಗಿಂತ ಎತ್ತರದಲ್ಲಿದೆ! ಅಲ್ಲಿ ಹಿಮ ಬೀಳುವುದು ಎತ್ತರಕ್ಕಲ್ಲ, ಅಷ್ಟು ಉತ್ತರದಲ್ಲಿರುವುದಕ್ಕೆ. ಆರ್ಕ್ಟಿಕ್ ವೃತ್ತದಿಂದ ಇನ್ನೂ ಸುಮಾರು 170 ಕಿಲೋಮೀಟರ್ ಮೇಲೆ. ಹೆಲ್ಸಿಂಕಿಯಲ್ಲಿ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಕೊನೇ ಸ್ಟೇಷನ್, ಅಲ್ಲಿಂದ ಬಸ್ಸು. ಆ ಕೊನೇ ಸ್ಟೇಷನ್ ಹೆಸರು ಕೋಲಾರಿ. ನಿಜವಾಗಲೂ. ಟಿಕೆಟ್ ಫೋಟೋ ಮನೆಗೆ ಕಳಿಸಿದರೆ ನಮ್ಮಣ್ಣ, ಬಂಗಾರಪೇಟೆಯಲ್ಲಿ ಇಳಿದು ಬಿಡು ಅಂತ ಮೆಸೇಜ್ ಹಾಕಿದ್ದ. ಅಷ್ಟೇ ಅಲ್ಲ, ಲೆವಿ ಇರುವ ಕಿಟ್ಟಿಲಾ ಪ್ರದೇಶದಲ್ಲೇ ಯೂರೋಪಿನಲ್ಲಿ ಅತಿ ಹೆಚ್ಚು ಚಿನ್ನ ತೆಗೆಯುವ ಗಣಿಯೂ ಇದೆ. ನಮ್ಮ ವ್ಯಾನ್ ಡ್ರೈವರ್ ಮೊದಲು ಅಲ್ಲಿ ಕೆಲಸ ಮಾಡಿದ್ದವನು. ನಮ್ಮ ಕಡೆ ಮೂರು ಕಿಲೋಮೀಟರ್‌ಗಿಂತ ಆಳದ ಚಿನ್ನದ ಗಣಿ ಇತ್ತು, 2001ರಲ್ಲಿ ಮುಚ್ಚಿದರು ಅಂದರೆ ಫೋನ್ ತೆಗೆದು ಹುಡುಕಿ ನೋಡಿಯೇ ನಂಬಿದ.

ಕೆಲಸಕ್ಕೆ ಬರೋಣ. ಸ್ಕೀ ಬರಬೇಕಾದದ್ದು ಸ್ಕೀ ಕಲಿಸುವವರಿಗೆ, ಇಳಿಜಾರಿನಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರಿಗೆ. ಉಳಿದವರು ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು, ಅಡುಗೆಯವರು, ರಿಸೆಪ್ಷನ್, ಜನರನ್ನು ಬೆಟ್ಟದ ಮೇಲಕ್ಕೆ ಕರೆದೊಯ್ಯುವ ಲಿಫ್ಟ್ ಹತ್ತಿರ ನಿಲ್ಲುವವರು. ನಿಮಗೆ ಸಿಗುವುದು ಹೆಚ್ಚಾಗಿ ಕ್ಲೀನಿಂಗ್ ಅಥವಾ ಕಿಚನ್. ಡಿಪ್ಲೊಮಾ ಇದೆ ಅಂತ ರಿಸೆಪ್ಷನ್ ನಿರೀಕ್ಷೆ ಮಾಡಬೇಡಿ, ಅಲ್ಲಿ ಫಿನ್ನಿಷ್ ಕೇಳುತ್ತಾರೆ. ಕಿಚನ್ ಆಸೆ ಇದ್ದರೆ ಹೈಜೀನ್ ಪಾಸ್‌ಪೋರ್ಟ್ ಅನ್ನುವ ಒಂದು ಸಣ್ಣ ಪರೀಕ್ಷೆ ಇದೆ, ಇಂಗ್ಲಿಷ್‌ನಲ್ಲೂ ಬರೆಯಬಹುದು. ಊಟದ ಪದಾರ್ಥ ಮುಟ್ಟುವ ಕೆಲಸಕ್ಕೆ ಅದು ಬೇಕೇ ಬೇಕು.

ಕಾಟೇಜ್ ಕ್ಲೀನಿಂಗ್ ಅಂದರೆ ಹೋಟೆಲ್ ರೂಮ್ ಕ್ಲೀನಿಂಗ್ ಅಲ್ಲ. ಒಂದೊಂದು ಪೂರ್ತಿ ಮರದ ಮನೆ. ಅಡುಗೆಮನೆ, ಬೆಂಕಿಗೂಡು, ಸೌನಾ ಅನ್ನುವ ಬಿಸಿ ಹಬೆಯ ಕೋಣೆ, ಮಹಡಿ ಮೇಲೆ ಸಾಲಾಗಿ ಹಾಸಿಗೆ. ಶನಿವಾರ ಬೆಳಿಗ್ಗೆ ಒಂದು ಗುಂಪು ಖಾಲಿ ಮಾಡುತ್ತದೆ, ಸಂಜೆ ನಾಲ್ಕಕ್ಕೆ ಇನ್ನೊಂದು ಗುಂಪು ಬಾಗಿಲಲ್ಲಿ ನಿಂತಿರುತ್ತದೆ, ಆ ನಡುವಿನ ಐದು ಗಂಟೆಯಲ್ಲಿ ಊರಿನ ಅಷ್ಟೂ ಕಾಟೇಜ್‌ಗಳು ತಯಾರಾಗಬೇಕು. ವ್ಯಾನ್ ರಸ್ತೆಯಲ್ಲೇ ನಿಲ್ಲುತ್ತದೆ, ಬೆಡ್‌ಶೀಟ್ ಮೂಟೆಗಳನ್ನು ಮಕ್ಕಳ ಪ್ಲಾಸ್ಟಿಕ್ ಜಾರುಗಾಡಿಯಲ್ಲಿ ಹಾಕಿ ಎಳೆದುಕೊಂಡು ಹೋಗಬೇಕು, ಬಾಗಿಲ ಮುಂದೆ ರಾತ್ರಿ ಬಿದ್ದ ಹಿಮ ಗೋರಬೇಕು, ಆಮೇಲೆ ಒಳಗಿನ ಕೆಲಸ. ಬೆಂಕಿಗೂಡಿನ ಬೂದಿ ಕಬ್ಬಿಣದ ಬಕೆಟ್‌ಗೇ ಹಾಕಬೇಕು, ಆರಿದೆ ಅನ್ನಿಸಿದರೂ ಒಳಗೆ ಕೆಂಡ ಇರುತ್ತದೆ. ಮೈಯೆಲ್ಲ ಬೆವರು, ಹೊರಗೆ ಬಂದರೆ ಮೈನಸ್ 25. ಬೆವರಿದ ಬನಿಯನ್ ಮೈಮೇಲೇ ತಣ್ಣಗಾಗುತ್ತದಲ್ಲ, ಅದರಷ್ಟು ಹಿಂಸೆ ಇನ್ನೊಂದಿಲ್ಲ. ಹತ್ತಿ ಬನಿಯನ್ ಬೇಡ, ಉಣ್ಣೆಯದು ತಗೊಳ್ಳಿ. ಅಲ್ಲೇ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಗುತ್ತದೆ, ಬೆಂಗಳೂರಿನಿಂದ ದೊಡ್ಡ ಜಾಕೆಟ್ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ.

ಒಂದು ಲಾಭ ಹೇಳಬೇಕು. ಗೆಸ್ಟ್‌ಗಳು ಬಿಟ್ಟು ಹೋಗುವ ತೆರೆಯದ ಪಾಸ್ತಾ, ಅಕ್ಕಿ, ಎಣ್ಣೆ ಎಲ್ಲ ನಮಗೇ. ನಮ್ಮ ಕ್ವಾರ್ಟರ್ಸ್‌ನಲ್ಲಿ ಬೇಳೆ ಮತ್ತು ತರಕಾರಿ ಬಿಟ್ಟರೆ ಜಾಸ್ತಿ ಏನೂ ಕೊಳ್ಳುತ್ತಿರಲಿಲ್ಲ.

ಕಿರಿಕಿರಿ ಎಲ್ಲಿ ಅಂದರೆ ಗಂಟೆ ಲೆಕ್ಕದಲ್ಲಿ. ನಮ್ಮ ಕಂಪನಿ ಶುರುವಿನಲ್ಲಿ ಒಂದು ಕಾಟೇಜ್‌ನಿಂದ ಇನ್ನೊಂದಕ್ಕೆ ವ್ಯಾನ್‌ನಲ್ಲಿ ಹೋಗುವ ಸಮಯಕ್ಕೆ ಸಂಬಳ ಹಾಕುತ್ತಿರಲಿಲ್ಲ. ಒಬ್ಬಳು ನೇಪಾಳಿ ಹುಡುಗಿ ದಿನಾ ಎಲ್ಲ ಬರೆದಿಟ್ಟು, ಪಾಮ್ ಅನ್ನುವ ಯೂನಿಯನ್‌ಗೆ ಫೋನ್ ಮಾಡಿ ವಿಚಾರಿಸಿ, ಸೂಪರ್‌ವೈಸರ್ ಮುಂದೆ ಇಟ್ಟಳು. ಮುಂದಿನ ತಿಂಗಳು ಎಲ್ಲರಿಗೂ ಬಾಕಿ ಬಂತು, ಜಗಳವೂ ಆಗಲಿಲ್ಲ. ಅಲ್ಲಿ ಹಾಗೇ, ಕಾಗದದಲ್ಲಿ ಇದ್ದರೆ ಕೊಡುತ್ತಾರೆ, ಸುಮ್ನೆ ಗೊಣಗಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಸಂಬಳ ಗಂಟೆಗೆ 12 ಯೂರೋ ಆಸುಪಾಸು. ದೇಶದಲ್ಲಿ ಕನಿಷ್ಠ ಕೂಲಿ ಅಂತ ಒಂದು ಕಾನೂನಿಲ್ಲ, ಯೂನಿಯನ್ ಒಪ್ಪಂದದ ದರ ನಡೆಯುತ್ತದೆ. ಭಾನುವಾರ ದುಡಿದರೆ ಡಬಲ್, ಇದು ಕಾನೂನು. ಹಾಗಾಗಿ ಭಾನುವಾರದ ಶಿಫ್ಟ್‌ಗೆ ಎಲ್ಲರೂ ಮೊದಲೇ ಹೆಸರು ಕೊಟ್ಟಿರುತ್ತಾರೆ. ಆದರೆ ನೀವು ದರ ನೋಡಿ ಖುಷಿಪಡುವ ಮುಂಚೆ ಕಾಂಟ್ರ್ಯಾಕ್ಟ್‌ನಲ್ಲಿ ವಾರಕ್ಕೆ ಎಷ್ಟು ಗಂಟೆ ಅಂತ ಬರೆದಿದ್ದಾರೆ ನೋಡಿ. 0ರಿಂದ 37.5 ಅಂತ ಇದ್ದರೆ ಹುಷಾರು. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಇಂಗ್ಲೆಂಡ್‌ನಿಂದ ವಿಮಾನಗಳ ಮೇಲೆ ವಿಮಾನ ಬರುತ್ತವೆ, ಉಸಿರಾಡಲೂ ಆಗಲ್ಲ. ಜನವರಿ 6 ಕಳೆದ ಮೇಲೆ ಊರೇ ಖಾಲಿ. ಮತ್ತೆ ಜನ ತುಂಬುವುದು ಫೆಬ್ರವರಿ ಕೊನೆಗೆ, ಅವರ ಶಾಲೆಗಳಿಗೆ ಸ್ಕೀ ರಜೆ ಬಂದಾಗ. ಆ ನಡುವಿನ ವಾರಗಳಲ್ಲಿ ನನಗೆ ಸಿಕ್ಕ ಶಿಫ್ಟ್‌ಗಳು ಬಾಡಿಗೆಗೂ ಸಾಲುತ್ತಿರಲಿಲ್ಲ. ಇಬ್ಬರು ಹಂಚಿಕೊಂಡ ರೂಮಿಗೆ ತಲೆಗೆ 350 ಯೂರೋ, ಕೆಲಸ ಇರಲಿ ಬಿಡಲಿ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ವಾರಕ್ಕೆ ಕನಿಷ್ಠ 30 ಗಂಟೆ ಗ್ಯಾರಂಟಿ ಅಂತ ಬರೆಸಿಕೊಂಡರೆ ಅರ್ಧ ಚಿಂತೆ ಇಲ್ಲಿಯೇ ಮುಗಿಯಿತು.

ತೆರಿಗೆಯಲ್ಲಿ ಒಂದು ಸೂಕ್ಷ್ಮ ಇದೆ. ಆರು ತಿಂಗಳ ಒಳಗೆ ವಾಪಸ್ ಬರುವವರಿಗೆ ಸಂಬಳದಲ್ಲಿ ತಿಂಗಳಿಗೆ 510 ಯೂರೋ ಬಿಟ್ಟು ಉಳಿದದ್ದಕ್ಕೆ 35 ಪರ್ಸೆಂಟ್ ಕಡಿತ. ಬೇಡ, ಸ್ಥಳೀಯರಿಗೆ ಹಾಕುವ ಹಾಗೆ ಆದಾಯ ನೋಡಿ ಹಾಕಿ ಅಂತ ತೆರಿಗೆ ಕಚೇರಿಗೆ ಅರ್ಜಿ ಕೊಡಬಹುದು. ನಿಮ್ಮ ಸಂಬಳಕ್ಕೆ ಅದೇ ಲಾಭ. ಇದನ್ನು ಕಂಪನಿಯವರು ತಾವಾಗಿ ಹೇಳುವುದಿಲ್ಲ.

ಫೆಬ್ರವರಿಯಿಂದ ನಾನು ಬಾಡಿಗೆ ಅಂಗಡಿಗೆ ಹೋದೆ. ಅದು ನನಗೆ ಇಷ್ಟವಾದ ಕೆಲಸ. ಸ್ಕೀಗೂ ಬೂಟಿಗೂ ನಡುವೆ ಬೈಂಡಿಂಗ್ ಅಂತ ಒಂದು ಕೊಂಡಿ ಇರುತ್ತದೆ. ಬಿದ್ದಾಗ ಅದು ಬಿಚ್ಚಿಕೊಳ್ಳಬೇಕು. ಸಡಿಲ ಇದ್ದರೆ ಸುಮ್ಮನೆ ಹೋಗುವಾಗಲೇ ಕಳಚುತ್ತದೆ, ಬಿಗಿ ಇದ್ದರೆ ಬಿದ್ದಾಗಲೂ ಕಳಚುವುದಿಲ್ಲ, ಕಾಲು ತಿರುಚಿಕೊಳ್ಳುತ್ತದೆ. ಎಷ್ಟು ಬಿಗಿ ಮಾಡಬೇಕು ಅನ್ನುವುದಕ್ಕೆ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಎಷ್ಟು ಚೆನ್ನಾಗಿ ಸ್ಕೀ ಬರುತ್ತದೆ ಇಷ್ಟನ್ನೂ ಸೇರಿಸಿ ಒಂದು ಪಟ್ಟಿ ಇದೆ. ತೊಂದರೆ ಏನೆಂದರೆ ಜನ ತೂಕ ಕಡಿಮೆ ಹೇಳುತ್ತಾರೆ, ತಮಗೆ ಸ್ಕೀ ಬರುವುದನ್ನು ಜಾಸ್ತಿ ಹೇಳುತ್ತಾರೆ. ಹೆಂಡತಿ ಪಕ್ಕದಲ್ಲಿದ್ದರೆ ಇನ್ನೂ ಜಾಸ್ತಿ. ಸಂಜೆ ವಾಪಸ್ ಬಂದ ಬೂಟುಗಳ ವಾಸನೆ ಬಗ್ಗೆ ಬರೆಯುವುದು ಬೇಡ.

ಚಳಿಗೆ ಹೆದರಬೇಡಿ, ಅದಕ್ಕೆ ಬಟ್ಟೆ ಇದೆ. ಕಷ್ಟ ಕೊಡುವುದು ಕತ್ತಲೆ. ಡಿಸೆಂಬರ್ ಎರಡನೇ ವಾರದಿಂದ ಹೊಸ ವರ್ಷದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನ ಒಂದೆರಡು ಗಂಟೆ ನೀಲಿ ಬೆಳಕು ಬಂದು ಹೋಗುತ್ತದೆ. ಮೊದಲ ವಾರ ಚೆಂದ, ಫೋಟೋ ತೆಗೆಯುತ್ತೀರಿ, ಆಕಾಶದಲ್ಲಿ ಹಸಿರು ಬೆಳಕು ಆಡುವುದನ್ನು ನೋಡಿ ಕೂಗುತ್ತೀರಿ. ಆಮೇಲೆ ನಿದ್ದೆ ಯಾವಾಗ ಎಚ್ಚರ ಯಾವಾಗ ಗೊತ್ತಾಗಲ್ಲ, ಮನೆಗೆ ಫೋನ್ ಮಾಡಲೂ ಮನಸ್ಸು ಬರಲ್ಲ. ವಿಟಮಿನ್ ಡಿ ತಗೊಳ್ಳಿ, ರಜಾ ದಿನ ರೂಮಿನಲ್ಲಿ ಮಲಗಬೇಡಿ, ಯಾರ ಜೊತೆಗಾದರೂ ಹೊರಗೆ ನಡೆಯಿರಿ. ಕತ್ತಲಲ್ಲಿ ನಡೆಯುವಾಗ ಬಟ್ಟೆಗೆ ಹೊಳೆಯುವ ರಿಫ್ಲೆಕ್ಟರ್ ಹಾಕಿಕೊಳ್ಳುವುದು ಅಲ್ಲಿ ಕಾನೂನು ಕೂಡ. ಮಾರ್ಚ್ ಬಂದರೆ ಎಲ್ಲ ತಲೆಕೆಳಗು. ಬಿಸಿಲಿಗೆ ಕಣ್ಣು ಬಿಡಲಾಗಲ್ಲ, ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು.

ಊಟಕ್ಕೆ ರಾಗಿ ಹಿಟ್ಟು, ಹುರಿಗಡಲೆ ಪುಡಿ, ಸಾಂಬಾರ್ ಪುಡಿ ತಗೊಂಡು ಹೋಗಿ. ತುಪ್ಪ, ಪೇಡ, ಮೈಸೂರ್ ಪಾಕ್ ಬೇಡ. ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಹೊರಗಿನಿಂದ ಯೂರೋಪ್ ಯೂನಿಯನ್ ಒಳಗೆ ಬಿಡುವುದಿಲ್ಲ, ಏರ್‌ಪೋರ್ಟ್‌ನಲ್ಲಿ ಕಸದ ಡಬ್ಬಿಗೆ ಹೋಗುತ್ತದೆ.

ಸ್ಕೀ ಕಲಿಯುವ ಆಸೆ ಇದ್ದರೆ ಸ್ಟಾಫ್‌ಗೆ ಲಿಫ್ಟ್ ಪಾಸ್ ಕೊಡುತ್ತಾರಾ ಅಂತ ಮೊದಲೇ ಕೇಳಿ, ನಮಗೆ ಕಡಿಮೆ ಬೆಲೆಗೆ ಸಿಕ್ಕಿತ್ತು. ಬೂಟ್ ಹಾಕಿಕೊಂಡು ನಡೆಯುವುದೇ ಕಾಲಿಗೆ ಬಕೆಟ್ ಕಟ್ಟಿಕೊಂಡ ಹಾಗಿರುತ್ತದೆ, ಆದರೆ ಮಕ್ಕಳ ಇಳಿಜಾರಿನಲ್ಲಿ ಕೆಲವು ಸಂಜೆ ಬಿದ್ದು ಎದ್ದರೆ ನಿಲ್ಲುವುದು ಬರುತ್ತದೆ. ಐದು ವರ್ಷದ ಮಕ್ಕಳು ಪಕ್ಕದಲ್ಲೇ ಸುಂಯ್ ಅಂತ ಹೋಗುತ್ತಿರುತ್ತವೆ, ನಾಚಿಕೆ ಪಡಬೇಡಿ. ಕೆಲಸದಲ್ಲಿ ಪೆಟ್ಟಾದರೆ ಕಂಪನಿಯ ಇನ್ಶೂರೆನ್ಸ್ ಇದೆ, ರಜೆಯಲ್ಲಿ ಸ್ಕೀ ಮಾಡಿ ಕಾಲು ಮುರಿದುಕೊಂಡರೆ ಅದು ಬರುವುದಿಲ್ಲ. ಸ್ಕೀಯನ್ನೂ ಸೇರಿಸಿ ನಿಮ್ಮದೇ ಇನ್ಶೂರೆನ್ಸ್ ಮಾಡಿಸಿ. ಮುಂದೆ ಸ್ಕೀ ಕಲಿಸುವ ಕೆಲಸವೇ ಬೇಕು ಅಂದರೆ ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಸಂಸ್ಥೆ ಇದೆ, ಅಲ್ಲಿ ಕೋರ್ಸ್ ಮಾಡಿ ನೋಡಿ.

ಕೆಲಸ ಹುಡುಕುವುದಾದರೆ ಈಗಲೇ ಶುರು ಮಾಡಿ. ಸೀಸನ್ ನವೆಂಬರ್‌ಗೆ, ಆದರೆ ಪರ್ಮಿಟ್ ಕಾಯಬೇಕಲ್ಲ, ಬೇಸಿಗೆಯಲ್ಲೇ ಕೈಯಲ್ಲಿ ಆಫರ್ ಇರಬೇಕು. ಲೆವಿ, ರುಕಾ, ಉಲ್ಲಾಸ್, ಸಾರಿಸೆಲ್ಕಾ, ಈ ಊರುಗಳ ಹೋಟೆಲ್ ಮತ್ತು ಕ್ಲೀನಿಂಗ್ ಕಂಪನಿಗಳ ವೆಬ್‌ಸೈಟ್‌ಗೆ ನೇರವಾಗಿ ಅರ್ಜಿ ಹಾಕಿ. ಇನ್ನು ಆ ಏಜೆಂಟ್ ಆಫರ್ ಲೆಟರ್ ಏನಾದರೂ ತೋರಿಸಿದ್ದರೆ ಅದರಲ್ಲಿ ಕಂಪನಿಯ ನೋಂದಣಿ ಸಂಖ್ಯೆ ಹುಡುಕಿ. ಏಳು ಅಂಕಿ, ಒಂದು ಅಡ್ಡಗೆರೆ, ಕೊನೆಗೆ ಇನ್ನೊಂದು ಅಂಕಿ ಇರುತ್ತದೆ. ಫಿನ್‌ಲ್ಯಾಂಡ್ ಸರ್ಕಾರದ ವೈಟಿಜೆ ಅನ್ನುವ ವೆಬ್‌ಸೈಟ್‌ನಲ್ಲಿ ಅದನ್ನು ಹಾಕಿದರೆ ಕಂಪನಿ ಇದೆಯಾ, ಎಲ್ಲಿದೆ, ಏನು ವ್ಯವಹಾರ ಅಂತ ಪುಕ್ಕಟೆ ತೋರಿಸುತ್ತದೆ. ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಹಾಕಿದಾಗ ಬೇರೆ ಯಾವುದೋ ಹೆಸರು ಬಂದರೆ, ಇಲ್ಲಿ ಕಾಮೆಂಟ್‌ನಲ್ಲಿ ಹೇಳಿ, ನೋಡೋಣ.