ಓಟದ ಪ್ರಶ್ನೆ: ಎಂಟಕ್ಕೇ ಏದುಸಿರು, ಇಪ್ಪತ್ತೊಂದು ಹೇಗೆ?

ಪ್ರಶ್ನೆ: ನಂಗೆ 34 ವರ್ಷ, ಇಡೀ ದಿನ ಕೂತು ಮಾಡೋ ಕೆಲಸ. 5 ಕಿಲೋಮೀಟರ್ 32 ನಿಮಿಷದಲ್ಲಿ ಮುಗಿಸ್ತೀನಿ. ಅದೇ ಜೋಶಲ್ಲಿ 21 ಕಿಲೋಮೀಟರಿನ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಬಿಟ್ಟೆ, ಇನ್ನು 14 ವಾರ ಇದೆ. ವಾರಕ್ಕೆ ಆರು ದಿನ ಆದಷ್ಟು ಜೋರಾಗಿ ಓಡ್ತಿದ್ದೀನಿ, ಆದ್ರೂ 8 ಕಿಲೋಮೀಟರ್ ಹೊತ್ತಿಗೆ ಏದುಸಿರು ಬಂದು ನಿಂತೇ ಹೋಗ್ತೀನಿ. ಸ್ಟ್ಯಾಮಿನಾಗೆ ಇನ್ನೇನು ಮಾಡ್ಲಿ?

ಉತ್ತರ: ಇನ್ನೇನೂ ಬೇಡ, ಮಾಡ್ತಿರೋದನ್ನೇ ಕಮ್ಮಿ ಮಾಡಿ. ತಮಾಷೆ ಅಲ್ಲ. ನಿಮ್ಮ ಸ್ಟ್ಯಾಮಿನಾಗೆ ಏನೂ ಆಗಿಲ್ಲ, ದಿನಾ ಪರೀಕ್ಷೆ ಬರೀತಿದ್ದೀರಿ, ಓದೋಕೆ ಟೈಮೇ ಕೊಟ್ಟಿಲ್ಲ ಅಷ್ಟೆ. ದೂರದ ಓಟಕ್ಕೆ ಬೇಕಾದ ಬದಲಾವಣೆಗಳು, ಅಂದ್ರೆ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳೋದು, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚೋದು, ಕೊಬ್ಬನ್ನ ಉರಿಸಿ ಶಕ್ತಿ ಮಾಡ್ಕೊಳ್ಳೋದು, ಇವೆಲ್ಲ ನಿಧಾನವಾಗಿ ಓಡಿದ್ರೂ ಚೆನ್ನಾಗೇ ಆಗತ್ತೆ, ಮತ್ತೆ ನಿಧಾನ ಓಡಿದ್ರೆ ಮಾರನೇ ದಿನವೂ ಓಡಬಹುದು.

ನಿಧಾನ ಅಂದ್ರೆ ಎಷ್ಟು? ಪಕ್ಕದಲ್ಲಿ ಓಡೋರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗ್ಬೇಕು. ಒಂಟಿಯಾಗಿ ಓಡೋರು ಜೋರಾಗಿ ಏನಾದ್ರೂ ಹೇಳ್ಕೊಳ್ಳಿ, ಜನ ನೋಡಿದ್ರೆ ನೋಡ್ಲಿ. ನಿಮ್ಮ 5 ಕಿಲೋಮೀಟರ್ ವೇಗ ಕಿಲೋಮೀಟರಿಗೆ ಸುಮಾರು 6 ನಿಮಿಷ 24 ಸೆಕೆಂಡ್, ಹಾಗಾದ್ರೆ ಈಸಿ ರನ್ ಏಳೂವರೆ ನಿಮಿಷದ ಆಸುಪಾಸಲ್ಲಿರ್ಲಿ. ಮೊದಲೆರಡು ವಾರ ನಾಚಿಕೆ ಆಗತ್ತೆ, ಎಲ್ಲರೂ ನಿಮ್ಮನ್ನ ದಾಟ್ಕೊಂಡು ಹೋಗ್ತಾರೆ, ಹೋಗ್ಲಿ ಬಿಡಿ.

ವಾರಕ್ಕೆ ನಾಲ್ಕು ದಿನ ಸಾಕು. ಎರಡು ದಿನ ಈಸಿ, ಒಂದು ದಿನ ಸ್ವಲ್ಪ ಜೋರು, ರಜೆ ದಿನ ಲಾಂಗ್ ರನ್. ಲಾಂಗ್ ರನ್ 8ರಿಂದ ಶುರು ಮಾಡಿ ವಾರಕ್ಕೊಂದು ಕಿಲೋಮೀಟರಿನಂತೆ ಏರಿಸಿ, ಮೂರು ವಾರ ಏರಿಸಿದ ಮೇಲೆ ಒಂದು ವಾರ ಇಳಿಸಿ. ಯಾಕಂದ್ರೆ ಉಸಿರು ಕೆಲವೇ ವಾರದಲ್ಲಿ ಸುಧಾರಿಸತ್ತೆ, ಸ್ನಾಯುರಜ್ಜು ಮೂಳೆ ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು, ಉಸಿರು ಬಂತು ಅಂತ ಕಾಲನ್ನ ಮರೆತೋರೇ ಜಾಸ್ತಿ ಗಾಯ ಮಾಡ್ಕೊಳ್ಳೋದು. ರೇಸಿಗೆ ಎರಡು ಮೂರು ವಾರ ಇರುವಾಗ 16, 17 ಮುಟ್ಟಿದ್ರೆ ಸಾಕು, ಮನೆಯಲ್ಲೇ 21 ಓಡಿ ಸಾಬೀತು ಮಾಡೋದೇನೂ ಬೇಡ. ಕೊನೆ ಹತ್ತು ಹದಿನಾಲ್ಕು ದಿನ ದೂರ ಅರ್ಧಕ್ಕಿಳಿಸಿ, ಇದಕ್ಕೆ ಟೇಪರ್ ಅಂತಾರೆ, ಆಗ ಓಡೋಕೆ ಕಾಲು ತುರಿಸತ್ತೆ, ಎಲ್ಲ ಮರ್ತೇ ಹೋಯ್ತೇನೋ ಅನ್ಸತ್ತೆ, ಆಗ ಹೊಸದಾಗಿ ಏನೂ ಶುರು ಮಾಡ್ಬೇಡಿ.

ಮೊದಲ ಸಲ ನಾನು ಮಾಡಿದ ದಡ್ಡತನ ಹೇಳ್ಬಿಡ್ತೀನಿ. ಗುಂಪಿನ ಜೊತೆ ಹೊರಟು ಮೊದಲ 3 ಕಿಲೋಮೀಟರ್ ಅಂದ್ಕೊಂಡಿದ್ದಕ್ಕಿಂತ ಕಿಲೋಮೀಟರಿಗೆ 40 ಸೆಕೆಂಡ್ ಬೇಗ ಓಡ್ದೆ, ಎಷ್ಟು ಹಗುರ ಅಂತ ಖುಷಿ ಬೇರೆ. 15ನೇ ಕಿಲೋಮೀಟರಿನಿಂದ ನಡೆದೇ ಮುಗಿಸಿದ್ದು. ಎರಡೂವರೆ ಗಂಟೆ ಗುರಿ ಇದ್ರೆ ಕಿಲೋಮೀಟರಿಗೆ 7 ನಿಮಿಷ 7 ಸೆಕೆಂಡ್ ಬರತ್ತೆ, ಮೊದಲ 5 ಅದಕ್ಕಿಂತ ಚೂರು ನಿಧಾನವೇ ಹೋಗಿ. ಮತ್ತೆ ಇಷ್ಟು ಹೊತ್ತು ಓಡೋರು ದಾರಿಯಲ್ಲಿ ಜೆಲ್ಲೋ ಸಿಹಿ ಪಾನೀಯವೋ ತಗೋಬೇಕು, ಮೈಯಲ್ಲಿರೋ ಗ್ಲೈಕೋಜನ್, ಅಂದ್ರೆ ಕೂಡಿಟ್ಟ ಸಕ್ಕರೆ, ಮುಗೀತಾ ಬರತ್ತೆ. ಅದನ್ನ ಮೊದಲೇ ಲಾಂಗ್ ರನ್ನಲ್ಲಿ ಟ್ರೈ ಮಾಡಿ, ಕೆಲವರ ಹೊಟ್ಟೆ ಒಪ್ಪಲ್ಲ.

ಪ್ರಶ್ನೆ: 9 ಕಿಲೋಮೀಟರ್ ಆದ್ಮೇಲೆ ಮಂಡಿಯ ಹೊರಭಾಗ ಚುಚ್ಚತ್ತೆ, ನಡೆದ್ರೆ ಸರಿಹೋಗತ್ತೆ. ಸಹಿಸ್ಕೊಂಡು ಓಡ್ಲಾ?

ಉತ್ತರ: ಬೇಡ. ತೊಡೆಯ ಹೊರಬದಿಯಿಂದ ಮಂಡಿ ಕೆಳಗಿನವರೆಗೂ ಐಟಿ ಬ್ಯಾಂಡ್ ಅಂತ ಒಂದು ಪಟ್ಟಿ ಇದೆ, ಓಡೋರಿಗೆ ಅದು ಹೀಗೇ ಕಾಟ ಕೊಡತ್ತೆ. ಆದ್ರೆ ಪತ್ರ ನೋಡಿ ಅದೇ ಅಂತ ಹೇಳೋಕಾಗಲ್ಲ, ಫಿಸಿಯೋಥೆರಪಿಸ್ಟ್ ಹತ್ರ ತೋರಿಸಿ. ಅಲ್ಲೀವರೆಗೆ ನೋವು ಶುರುವಾಗೋಕೆ ಮುಂಚೆನೇ ಓಟ ನಿಲ್ಸಿ, ಇಳಿಜಾರು ಬಿಡಿ. ಊತ ಬಂದ್ರೆ, ರಾತ್ರಿ ಮಲಗಿದಾಗ್ಲೂ ನೋವಿದ್ರೆ, ಕುಂಟೋ ಹಾಗಾದ್ರೆ ಒಂದು ದಿನವೂ ಕಾಯದೆ ಡಾಕ್ಟ್ರ ಹತ್ರ ಹೋಗಿ.

ಪ್ರಶ್ನೆ: ಹಾಫ್ ಮ್ಯಾರಥಾನ್ ಅಂದ್ರೆ 21.0975 ಕಿಲೋಮೀಟರ್ ಅನ್ನೋ ಕೊಸರು ಯಾಕೆ? ಅದೂ ನನ್ನ ವಾಚಲ್ಲಿ 21.4 ತೋರಿಸ್ತು!

ಉತ್ತರ: ಪೂರ್ತಿ ಮ್ಯಾರಥಾನಿನ ಸರಿ ಅರ್ಧ. ಪೂರ್ತಿಯದ್ದು 42.195, ಅದು 1908ರ ಲಂಡನ್ ಒಲಿಂಪಿಕ್ಸಲ್ಲಿ ಓಡಿದ ದೂರ, 1921ರಲ್ಲಿ ಅದನ್ನೇ ಖಾಯಂ ಮಾಡಿದ್ರು. ಇನ್ನು ವಾಚಿನ ವಿಷ್ಯ, ದಾರಿ ಅಳೆಯೋದು ತಿರುವಿನ ಒಳಅಂಚಿನ ಗೆರೆಯಲ್ಲಿ, ನೀವು ಓಡೋದು ಜನರನ್ನ ಸುತ್ತಿ ಬಳಸಿ, ಜಿಪಿಎಸ್ ತಪ್ಪೂ ಸೇರತ್ತೆ.

ಪ್ರಶ್ನೆ: ನಂಗೆ 51. ಮಧ್ಯೆ ನಡೆದ್ರೆ ಅದು ಓಟ ಅನ್ಸತ್ತಾ?

ಉತ್ತರ: ಅನ್ಸತ್ತೆ ಮೇಡಂ. 1972ರ ಒಲಿಂಪಿಕ್ಸಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಇದನ್ನೇ ಒಂದು ಪದ್ಧತಿ ಮಾಡಿ ಜನಪ್ರಿಯ ಮಾಡಿದ್ರು. ಗುಟ್ಟೇನಂದ್ರೆ ಸುಸ್ತಾದ್ಮೇಲೆ ನಡೆಯೋದಲ್ಲ, ಮೊದಲ ಕಿಲೋಮೀಟರಿಂದಲೇ ನಡೆಯೋದು, 3 ನಿಮಿಷ ಓಟ 1 ನಿಮಿಷ ನಡಿಗೆ ಹೀಗೆ. ರೇಸಿನ ಕಟ್ ಆಫ್ ಟೈಮ್, ಅಂದ್ರೆ ಅಷ್ಟರೊಳಗೆ ಮುಗಿಸ್ಬೇಕು ಅನ್ನೋ ಮಿತಿ, ಎಷ್ಟು ಅಂತ ಮೊದಲೇ ನೋಡ್ಕೊಳ್ಳಿ. ಉಜ್ಜೋ ಕಡೆಗೆಲ್ಲ ವ್ಯಾಸಲೀನ್ ಹಚ್ಚಿ, ಹೊಸ ಶೂ ಆ ದಿನಕ್ಕಂತ ಎತ್ತಿಡ್ಬೇಡಿ, ಕಾಲಿನ ಉಗುರನ್ನ ಎರಡು ಮೂರು ದಿನ ಮುಂಚೆನೇ ಕತ್ತರಿಸಿ.